ಜೋಗೇಶ್ವರಿ ಚಾಳಿನ ಭಾನುವಾರದ ಮಟನ್

ನಮ್ಮ ಮನೆಗೆ ವಾರಕ್ಕೊಮ್ಮೆ, ಭಾನುವಾರ, ಮಟನ್ ಬರುತ್ತಿತ್ತು. ಆದರೆ ಮಟನ್ ಒಂದೇ ಬಂದ ನೆನಪು ನನಗಿಲ್ಲ. ಅದರ ಹಿಂದೆಯೇ ಏನಾದರೊಂದು ಫಜೀತಿಯೂ ಮೆಟ್ಟಿಲು ಹತ್ತಿ ಬರುತ್ತಿತ್ತು. ಒಂದು ವಾರ ಏನೂ ಆಗಲಿಲ್ಲವೆಂದರೆ ಅಕ್ಕಪಕ್ಕದವರು ಬಾಗಿಲಲ್ಲಿ ತಲೆ ಹಾಕಿ, “ಏನು, ಇವತ್ತು ನಿಮ್ಮಲ್ಲಿ ತರಕಾರಿಯಾ?” ಎಂದು ಕೇಳುವಷ್ಟು.

ಐವತ್ತರ ದಶಕದ ಮಾತು ಇದು. ನಾನು ಮದುವೆಯಾಗಿ ಉಡುಪಿ ಕಡೆಯಿಂದ ಮುಂಬಯಿಗೆ ಬಂದ ಹೊಸತು. ಜೋಗೇಶ್ವರಿಯಲ್ಲಿ ಒಂದು ಚಾಳು, ಅದರಲ್ಲಿ ನಮ್ಮದೊಂದು ಕೋಣೆ. ಫ್ರಿಜ್ ಎಂಬುದನ್ನು ನಾವು ಕೇಳಿ ಮಾತ್ರ ಬಲ್ಲೆವು. ಜಾಲರಿ ಕಪಾಟು, ಅದರ ಕಾಲುಗಳ ಕೆಳಗೆ ಇರುವೆ ಹತ್ತದಂತೆ ನೀರಿನ ಬಟ್ಟಲು, ಇಷ್ಟೇ ನಮ್ಮ ಭದ್ರತೆ. ಬೆಳಿಗ್ಗೆ ತಂದ ಮಾಂಸವನ್ನು ಮಧ್ಯಾಹ್ನದೊಳಗೆ ಬೇಯಿಸಲೇಬೇಕು. ಹಾಗಾಗಿ ತರುವಾಗಲೇ ಒಳ್ಳೆಯದನ್ನು ತರಬೇಕು ಎಂಬುದು ನನ್ನ ಹಟ. ತರಬೇಕಾದವರು ನಮ್ಮವರು. ಅವರೋ ಮದುವೆಗೆ ಮುಂಚೆ ಅಷ್ಟು ವರ್ಷ ಖಾನಾವಳಿಯಲ್ಲಿ ಉಂಡವರು. ತಟ್ಟೆಗೆ ಬಂದ ಮೇಲೆ ಮಾತ್ರ ಅವರಿಗೆ ಮಾಂಸದ ಪರಿಚಯ.

ಒತ್ತಿ ನೋಡಿ, ಮೂಸಿ ನೋಡಿ

ಮೊದಲ ಭಾನುವಾರ ಅವರನ್ನು ಎದುರಿಗೆ ಕೂರಿಸಿ ಪಾಠ ಹೇಳಿದೆ. “ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದದ್ದು ಕೂಡಲೇ ಮೇಲೆ ಬರಬೇಕು. ಬಣ್ಣ ಕೆಂಪಗಿರಬೇಕು, ಕಪ್ಪಾಗಿರಬಾರದು. ಕೊಬ್ಬು ಬೆಳ್ಳಗಿರಬೇಕು. ಹತ್ತಿರ ಹೋಗಿ ಮೂಸಿ ನೋಡಿ. ಎಳೆಯದೋ ಬಲಿತದ್ದೋ ಕೇಳಿ. ಅವಸರ ಮಾಡಬೇಡಿ.”

ನಮ್ಮವರು ಆಫೀಸಿನಲ್ಲಿ ಸಾಹೇಬರ ಮಾತನ್ನು ಹೇಗೆ ಚಾಚೂ ತಪ್ಪದೆ ಪಾಲಿಸುತ್ತಿದ್ದರೋ ನನ್ನ ಮಾತನ್ನೂ ಹಾಗೆಯೇ ಪಾಲಿಸಿದರು. ಸ್ಟೇಷನ್ ಬಳಿಯ ಅಂಗಡಿಯಲ್ಲಿ ಗಡ್ಡದ ಚಾಚಾ ಒಬ್ಬನಿದ್ದ. ಅವನ ಅಂಗಡಿಯಲ್ಲಿ ತೂಗುಹಾಕಿದ್ದ ಆಡಿನ ತೊಡೆಯನ್ನು ಒತ್ತಿದರು. ಗುಳಿ ಮೇಲೆ ಬರುವವರೆಗೆ ಬಗ್ಗಿ ನೋಡಿದರು. ಮೂಸಿದರು. ಒಂದು ಹೆಜ್ಜೆ ಹಿಂದೆ ಸರಿದು ದೂರದಿಂದ ಬಣ್ಣ ನೋಡಿದರು. “ಸ್ವಲ್ಪ ಆಚೆ ತಿರುಗಿಸಿ” ಎಂದರು. ಚಾಚಾ ತಿರುಗಿಸಿದ. “ವಯಸ್ಸೆಷ್ಟು?” ಎಂದು ಕೇಳಿದರು. ಚಾಚಾ ಹೇಳಿದ. “ಯಾವ ಊರಿನದು?” ಎಂದು ತಾವೇ ಒಂದು ಪ್ರಶ್ನೆ ಸೇರಿಸಿದರು.

ಚಾಚಾ ಕತ್ತಿ ಕೆಳಗಿಟ್ಟು ಎರಡೂ ಕೈ ಜೋಡಿಸಿದ. “ಸಾಹೇಬ್, ನೀವು ಮಟನ್ ಕೊಳ್ಳಲಿಕ್ಕೆ ಬಂದದ್ದೋ, ಹೆಣ್ಣು ನೋಡಲಿಕ್ಕೆ ಬಂದದ್ದೋ?”

ಹಿಂದೆ ನಿಂತಿದ್ದ ಗಿರಾಕಿಗಳೆಲ್ಲ ನಕ್ಕರಂತೆ. ನಮ್ಮವರು ಮಾತ್ರ ಗಂಭೀರವಾಗಿಯೇ ಉತ್ತರ ಕೊಟ್ಟರು. ಆ ಉತ್ತರವನ್ನು ಮನೆಗೆ ಬಂದು ನನಗೂ ಹೇಳಿದರು ನೋಡಿ, ಅದು ಅವರ ಧೈರ್ಯ.

“ಚಾಚಾ, ಹೆಣ್ಣು ನೋಡುವಾಗ ನನಗೆ ಇಷ್ಟು ಹೊತ್ತು ಕೊಟ್ಟಿರಲಿಲ್ಲ.”

ಬಾಲ ಇದ್ದರೆ ಆಡು

ನಮ್ಮ ಚಾಳಿನ ಕೆಳಗಿನ ಮನೆಯಲ್ಲಿ ಧಾರವಾಡ ಕಡೆಯ ಒಬ್ಬ ನಿವೃತ್ತ ಪೊಲೀಸ್ ಹವಾಲ್ದಾರರಿದ್ದರು. ದೊಡ್ಡ ಮೀಸೆ, ದೊಡ್ಡ ದನಿ. ನಮ್ಮವರ ಮಟನ್ ವಿದ್ಯಾಭ್ಯಾಸದ ಸುದ್ದಿ ಅವರ ಕಿವಿಗೂ ಬಿತ್ತು.

“ತಂಗೆವ್ವಾ, ಒತ್ತೋದು ಮೂಸೋದು ಎಲ್ಲಾ ಖರೆ. ಆದ್ರ ಆಡು ಅಂತ ಹೇಳಿ ಮುದಿ ಕುರಿ ಕೊಟ್ರ ಏನ್ಮಾಡ್ತೀ? ಬಾಲ ನೋಡಬೇಕು, ಬಾಲ! ಆಡಿಂದ ಗಿಡ್ಡ ಬಾಲ ಇರ್ತದ, ಅದನ್ನ ಕಟುಕ ಗಿರಾಕಿಗೆ ತೋರ್ಸಾಕಂತನ ಕತ್ತರಿಸದೆ ಬಿಟ್ಟಿರ್ತಾನ. ನಿನ್ನ ಗಂಡನ್ನ ನನ್ನ ಕೂಡ ಕಳಸು. ನಾ ಕಳ್ಳರನ್ನ ಹಿಡದು ಹಿಡದು ಮುಪ್ಪಾದಾಂವ.”

ಶ್ರಾವಣ ಹತ್ತಿರ ಬಂದಿತ್ತು. ಶ್ರಾವಣದಲ್ಲಿ ಮಾಂಸ ಬಿಡುವ ನಮ್ಮ ಮರಾಠಿ ನೆರೆಯವರೆಲ್ಲ ಅದಕ್ಕೆ ಮೊದಲೇ ತಿಂದು ಮುಗಿಸುವ ಉತ್ಸಾಹದಲ್ಲಿದ್ದರು. ಚಾಚಾನ ಅಂಗಡಿಯಲ್ಲಿ ಬೆಳಗಾಗುವಷ್ಟರಲ್ಲಿ ಎಲ್ಲ ಖಾಲಿ. ಹವಾಲ್ದಾರರು ನಮ್ಮವರನ್ನು ಎಳೆದುಕೊಂಡು ಆ ದಿನಗಳಿಗೆಂದೇ ಎದ್ದಿದ್ದ ಒಂದು ಹೊಸ ಅಂಗಡಿಗೆ ಹೋದರು. ಅಲ್ಲಿ ಸುಲಿದ ಪ್ರಾಣಿಗಳನ್ನು ಸಾಲಾಗಿ ತೂಗುಹಾಕಿದ್ದರು, ಎಲ್ಲದಕ್ಕೂ ಅಚ್ಚುಕಟ್ಟಾದ ಬಾಲ.

“ನೋಡ್ರಿ, ಇದು ಆಡು” ಎಂದು ನಮ್ಮವರಿಗೆ ತೋರಿಸಲು ಹವಾಲ್ದಾರರು ಒಂದು ಬಾಲವನ್ನು ಹಿಡಿದು ಸ್ವಲ್ಪ ಎಳೆದರು. ಬಾಲ ಅವರ ಕೈಗೇ ಬಂದುಬಿಟ್ಟಿತು.

ಕಟುಕ ತಡವರಿಸಲಿಲ್ಲ. ಅವನೇ ಮೇಲೆ ಬಿದ್ದ. “ಏನು ಹವಾಲ್ದಾರ್ ಸಾಬ್! ಇಷ್ಟು ಜೋರಾಗಿ ಎಳೆದರೆ ನಿಮ್ಮ ಮೀಸೆಯೂ ಕೈಗೆ ಬರುತ್ತದೆ!”

ಹವಾಲ್ದಾರರು ಬಾಲವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಅದರ ತುದಿಯಲ್ಲಿ ಗೋಣಿ ಹೊಲಿಯುವ ದಾರ ನೇತಾಡುತ್ತಿತ್ತು.

“ಬರ್ತದಪಾ, ಬರ್ತದ” ಎಂದರು. “ಆದ್ರ ನನ್ನ ಮೀಸಿಗೆ ಹೊಲಿಗಿ ಹಾಕಿಲ್ಲ.”

ದಾದರ್‌ನಿಂದ ಜೋಗೇಶ್ವರಿಗೆ

ದಾದರ್ ಮಾರ್ಕೆಟ್ಟಿನಲ್ಲಿ ಮಟನ್ ಬಹಳ ಚೆನ್ನಾಗಿದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರಂತೆ. ಮರುದಿನವೇ ನಮ್ಮವರು ಹೊರಟರು. “ಮುಚ್ಚಳ ಇರುವ ಡಬ್ಬಿ ಒಯ್ಯಿರಿ, ಲೋಕಲ್‌ನಲ್ಲಿ ಬರುವಾಗ ಸೋರುತ್ತದೆ” ಎಂದೆ. ಡಬ್ಬಿ ಹಿಡಿದು ಲೋಕಲ್ ಹತ್ತಿದರೆ ಕೆಲಸಕ್ಕೆ ಹೋಗುವವನ ಹಾಗೆ ಕಾಣುತ್ತದೆ, ಭಾನುವಾರ ಬೇಡ ಎಂದರು. ಬಟ್ಟೆ ಚೀಲ ಒಯ್ದರು. ಅಂಗಡಿಯವನು ಮಾಂಸವನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. ಬರುವಾಗ ಲೋಕಲ್‌ನಲ್ಲಿ ಚೀಲವನ್ನು ಮೇಲಿನ ಹಲಗೆಯ ಮೇಲಿಟ್ಟು, ತಾವು ಎದುರು ಸೀಟಿನಲ್ಲಿ ಕುಳಿತರು.

ಚೀಲದ ಸರಿ ಕೆಳಗೆ ಕುಳಿತಿದ್ದವನು ಒಬ್ಬ ಪೈಲ್ವಾನ. ಬಿಳಿ ಜುಬ್ಬಾ, ಬೋಳಿಸಿದ ತಲೆ, ಕಂಬದಂಥ ಕುತ್ತಿಗೆ. ಯಾರ್ಯಾರನ್ನು ಹೇಗೆ ಎತ್ತಿ ಒಗೆದೆ ಎಂದು ಪಕ್ಕದವನಿಗೆ ಕೈ ಬೀಸಿ ಬೀಸಿ ಹೇಳುತ್ತಿದ್ದ. ಮಾಹಿಮ್ ದಾಟುವಷ್ಟರಲ್ಲಿ ಪೇಪರು ನೆನೆಯಿತು, ಬಾಂದ್ರಾ ಬರುವಷ್ಟರಲ್ಲಿ ಚೀಲ ನೆನೆಯಿತು. ಅಲ್ಲಿಂದ ಮುಂದೆ ಪೈಲ್ವಾನನ ಬೋಳು ತಲೆಯ ಮೇಲೆ ಒಂದೊಂದೇ ಹನಿ ಬೀಳತೊಡಗಿತು. ಕಥೆಯ ಭರದಲ್ಲಿ ಅವನಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಎದುರು ಕುಳಿತ ಒಬ್ಬ ಅಜ್ಜನಿಗೆ.

“ಅರೇ ದೇವಾ! ರಕ್ತ!”

ಪೈಲ್ವಾನ ತಲೆ ಮುಟ್ಟಿಕೊಂಡ. ಕೈ ಕೆಂಪಾಯಿತು. ಅಷ್ಟು ಹೊತ್ತು ಹತ್ತಾರು ಜನರನ್ನು ಎತ್ತಿ ಒಗೆದವನು “ಮೇಲೋ, ಮೇಲೋ!” ಎಂದು ಮರಾಠಿಯಲ್ಲಿ, ಸತ್ತೆ, ಸತ್ತೆ ಎನ್ನುತ್ತ ಪಕ್ಕದವನ ತೊಡೆಯ ಮೇಲೆ ಒರಗಿಬಿಟ್ಟ. ಒಬ್ಬರು ಗಾಳಿ ಬೀಸಿದರು. ಒಬ್ಬರು ಕರವಸ್ತ್ರ ಕಟ್ಟಿದರು. ಬೋಗಿಯಲ್ಲೊಬ್ಬ ಕಂಪೌಂಡರ್ ಇದ್ದ. ಅವನು ತಲೆಯನ್ನೆಲ್ಲ ಸವರಿ ನೋಡಿ, “ಗಾಯ ಎಲ್ಲೂ ಇಲ್ಲ. ಇದು ಒಳಗಿನಿಂದ ಜಿನುಗುತ್ತಿದೆ, ಅಪಾಯ” ಎಂದ. ಅದನ್ನು ಕೇಳಿ ಪೈಲ್ವಾನ ಕಣ್ಣು ಮುಚ್ಚಿದ. ಅಂಧೇರಿಯಲ್ಲಿ ಇಳಿಸಿ ಆಸ್ಪತ್ರೆಗೆ ಒಯ್ಯುವುದೆಂದು ತೀರ್ಮಾನವಾಯಿತು. ಕಾಲು ಹಿಡಿಯಲು ನಮ್ಮವರನ್ನೇ ಕರೆದರು.

ಇನ್ನು ಸುಮ್ಮನಿರುವ ಹಾಗಿರಲಿಲ್ಲ. “ಪೈಲ್ವಾನ್‌ಜೀ, ಆ ರಕ್ತ ನಿಮ್ಮದಲ್ಲ. ನಮ್ಮದು” ಎಂದರು. ಬೋಗಿಯವರೆಲ್ಲ ತಿರುಗಿ ಇವರ ಮೈಮೇಲೆ ಗಾಯ ಹುಡುಕಿದರು. ಇವರು ಬೆರಳು ಮೇಲೆ ತೋರಿಸಿದರು. “ಅಂದರೆ, ನಮ್ಮ ಮಟನ್‌ದು.”

ಪೈಲ್ವಾನ ಒಂದು ಕಣ್ಣು ತೆರೆದು ಚೀಲ ನೋಡಿದ. ನಿಧಾನವಾಗಿ ಎದ್ದು ಕುಳಿತ. ಕರವಸ್ತ್ರ ಬಿಚ್ಚಿ ತಲೆ ಒರೆಸಿಕೊಂಡು, ಜುಬ್ಬಾ ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ:

“ನನಗೆ ಆಗಲೇ ಅನುಮಾನ ಬಂದಿತ್ತು. ನನ್ನ ರಕ್ತ ಇಷ್ಟು ತೆಳ್ಳಗಿಲ್ಲ.”

ಡಾಕ್ಟರರ ಉಪನ್ಯಾಸ

ನಮ್ಮ ಸಾಲಿನ ಕೊನೆಯ ಕೋಣೆಯಲ್ಲಿ ಊರ ಕಡೆಯ ಇಬ್ಬರು ಬ್ಯಾಚುಲರ್‌ಗಳಿದ್ದರು. ಹೋಟೆಲಿನಲ್ಲಿ ಕೆಲಸ. ರಜೆಯ ದಿನ ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಒಮ್ಮೆ ನಮ್ಮ ಕನ್ನಡ ಸಂಘದಲ್ಲಿ ಒಬ್ಬ ಡಾಕ್ಟರು ಅಡುಗೆಮನೆಯ ಶುಚಿತ್ವದ ಮೇಲೆ ಮಾತಾಡಿದರು. ಹಸಿ ಮಾಂಸ ಮುಟ್ಟಿದ ಕೈಯಲ್ಲಿ ಬೇರೇನೂ ಮುಟ್ಟಬೇಡಿ, ಕತ್ತಿ ಹಲಗೆ ಎಲ್ಲ ಸೋಪು ಹಾಕಿ ತೊಳೆಯಿರಿ, ಬೆಂದದ್ದನ್ನೂ ಹಸಿಯದನ್ನೂ ಒಟ್ಟಿಗೆ ಇಡಬೇಡಿ, ನೊಣ ಕೂರದಂತೆ ಮುಚ್ಚಿಡಿ ಎಂದೆಲ್ಲ ಹೇಳಿದರು. ಬ್ಯಾಚುಲರ್‌ಗಳಲ್ಲಿ ದೊಡ್ಡವನು ಮುಂದಿನ ಸಾಲಿನಲ್ಲೇ ಕುಳಿತು ಕೇಳಿದ್ದ. ಚಿಕ್ಕವನು ಬಂದಿರಲಿಲ್ಲ.

ಭಾನುವಾರ ಹನ್ನೊಂದು ಗಂಟೆಗೆ ದೊಡ್ಡವನು ನಮ್ಮ ಬಾಗಿಲಿಗೆ ಬಂದ. “ಅಕ್ಕ, ಒಮ್ಮೆ ಬಂದು ನೋಡ್ತೀರಾ? ಸಾರು ಉಕ್ಕುದು ನಿಲ್ಲುದೇ ಇಲ್ಲ.”

ಹೋಗಿ ನೋಡಿದೆ. ಪಾತ್ರೆಯ ಮೇಲೆ ಬೆಳ್ಳಗೆ ನೊರೆ, ಗುಡ್ಡದ ಹಾಗೆ. ಸೌಟಿನಲ್ಲಿ ತೆಗೆದಷ್ಟೂ ಮತ್ತೆ ಬರುತ್ತಿದೆ. ಕೋಣೆಯಲ್ಲಿ ಮಸಾಲೆಯ ಘಮ ಇಲ್ಲ, ಬಚ್ಚಲುಮನೆಯ ಘಮ.

“ಮಾಂಸ ಹೇಗೆ ತೊಳೆದೆ ಮಾರಾಯ?”

“ಡಾಕ್ಟ್ರು ಹೇಳಿದ ಹಾಗೆಯೇ ಅಕ್ಕ. ಕೆಂಪು ಸೋಪು ಹಾಕಿ ಒಂದೊಂದೇ ತುಂಡು ತಿಕ್ಕಿ ತಿಕ್ಕಿ ತೊಳೆದೆ.”

“ಅವರು ಸೋಪು ಹಾಕಲಿಕ್ಕೆ ಹೇಳಿದ್ದು ಕೈಗೆ, ಕತ್ತಿಗೆ, ಹಲಗೆಗೆ!”

“ಅವಕ್ಕೆಲ್ಲ ಹಾಕಿ ಇದೊಂದನ್ನೇ ಬಿಡುದು ಸರಿಯಾ ಅಂತ ಅನ್ನಿಸಿತು ಅಕ್ಕ.”

ಸಾರನ್ನು ಚೆಲ್ಲಿಸಿ ಇಬ್ಬರನ್ನೂ ನಮ್ಮಲ್ಲಿ ಊಟಕ್ಕೆ ಬರಹೇಳಿದೆ. ಅಷ್ಟರಲ್ಲಿ ಚಾಪೆಯ ಮೇಲೆ ಮುಸುಕು ಹಾಕಿ ಮಲಗಿದ್ದ ಚಿಕ್ಕವನು ತಲೆ ಹೊರಗೆ ಹಾಕಿದ.

“ಬೈಯಬೇಡಿ ಅಕ್ಕ. ಎರಡು ದಿನದಿಂದ ಈ ಕೋಣೆಯಲ್ಲಿ ಯಾರೂ ಸ್ನಾನ ಮಾಡಿರಲಿಲ್ಲ. ಕುರಿಯಾದರೂ ಮಾಡಿತಲ್ಲ.”

ಎಳೆಯ ಕೋಳಿ

ಊರಿನಿಂದ ಮಾವ ಬಂದರು. ಅವರಿಗೆ ಕೋಳಿಯೆಂದರೆ ಪ್ರಾಣ, ಆದರೆ ಹಲ್ಲು ಅಲ್ಲೊಂದು ಇಲ್ಲೊಂದು. ಹಾಗಾಗಿ ಎಳೆಯ ಕೋಳಿಯೇ ಬೇಕು. ಅಂಧೇರಿ ಮಾರ್ಕೆಟ್ಟಿಗೆ ಹೊರಟ ನಮ್ಮವರಿಗೆ ಹೇಳಿದೆ: “ಕಾಲು ನುಣುಪಾಗಿರಬೇಕು. ಎದೆಯ ಮೂಳೆಯ ತುದಿಯನ್ನು ಬೆರಳಿನಲ್ಲಿ ಒತ್ತಿ ನೋಡಿ, ಎಳೆಯದಾದರೆ ಬಗ್ಗುತ್ತದೆ.”

ಕೋಳಿ ಬಂತು. ಕಾಲು ನೋಡಿದರೆ ಒಣಗಿದ ಹಾಗಲಕಾಯಿಯ ಹಾಗಿದೆ.

“ಎದೆಮೂಳೆ ಒತ್ತಿ ನೋಡಿದಿರಾ?”

“ಒತ್ತಿದೆ.”

“ಬಗ್ಗಿತಾ?”

“ಅದು ಬಗ್ಗಲಿಲ್ಲ. ಕುಕ್ಕಿತು. ನಾನೇ ಬಗ್ಗಿದೆ” ಎಂದು ಬೆರಳು ತೋರಿಸಿದರು.

ಬೆಳಿಗ್ಗೆ ಒಲೆಗೇರಿದ ಕೋಳಿ ಮಧ್ಯಾಹ್ನವಾದರೂ ಬೇಯಲಿಲ್ಲ. ಸಿಗಡಿ ಒಲೆಗೆ ಇದ್ದಲು ಹಾಕಿ ಹಾಕಿ ನನ್ನ ಸೀರೆಯ ಸೆರಗು ಕಪ್ಪಾಯಿತು. ಕೊನೆಗೆ ಹಸಿವು ತಾಳದೆ ಬಡಿಸಿದೆ. ಮಾವ ಒಂದು ತುಂಡನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಬಹಳ ಹೊತ್ತು ಕಳಿಸಿದರು. ಆಮೇಲೆ ಅದನ್ನು ಮರ್ಯಾದೆಯಿಂದ ತಟ್ಟೆಯ ಅಂಚಿಗಿಟ್ಟರು.

“ಇದನ್ನು ಎಲ್ಲಿಂದ ತಂದೆ ಮಗಾ?”

“ಅಂಧೇರಿ ಮಾರ್ಕೆಟ್ಟಿನಿಂದ ಅಪ್ಪಯ್ಯ.”

“ಹೌದಾ? ಪೋರ್ಚುಗೀಸರು ಬರುವಾಗ ಹಡಗಿನಲ್ಲಿ ತಂದದ್ದೋ ಅಂದುಕೊಂಡೆ.”

ಬಾವಿಯೊಳಗೆ

ಇಷ್ಟೆಲ್ಲ ಒಂದು ತೂಕವಾದರೆ ನಮ್ಮವರ ಸಾಹೇಬರು ಊಟಕ್ಕೆ ಬಂದ ಭಾನುವಾರದ್ದೇ ಒಂದು ತೂಕ.

ನಮ್ಮವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವರ ವಿಭಾಗದ ಮರಾಠಿ ಸಾಹೇಬರು ಒಂದು ದಿನ ತಾವಾಗಿಯೇ, “ನಿಮ್ಮ ಊರಿನ ಮಟನ್ ಸುಕ್ಕಾ ಬಹಳ ರುಚಿಯಂತಲ್ಲ” ಎಂದರಂತೆ. ಇವರು ಮುಂದಿನ ಭಾನುವಾರಕ್ಕೆ ಕರೆದೇಬಿಟ್ಟರು. ಮೇ ತಿಂಗಳು, ಸುಡುಬಿಸಿಲು. ಚಾಚಾ ಬೆಳಿಗ್ಗೆ ಬೇಗನೆ ಒಳ್ಳೆಯ ಮಾಂಸ ಕೊಟ್ಟ. ಸಾಹೇಬರು ಬರುವುದು ಮಧ್ಯಾಹ್ನ. ಇದ್ದದ್ದು ಒಂದೇ ಸಿಗಡಿ, ಅದರ ಮೇಲೆ ಮೊದಲು ಅನ್ನ, ಸಾರು, ಪಾಯಸ ಎಲ್ಲ ಆಗಬೇಕು. ಅಲ್ಲಿಯವರೆಗೆ ಮಾಂಸವನ್ನು ಆ ಧಗೆಯಲ್ಲಿ ಇಟ್ಟರೆ ಕೆಡುವುದು ಖಂಡಿತ.

ಚಾಳಿನ ಹಿಂದೆ ಒಂದು ಆಳವಾದ ಬಾವಿ ಇತ್ತು. ಒಳಗೆ ತಂಪೋ ತಂಪು. ಮಾಂಸವನ್ನು ತಿರುಪು ಮುಚ್ಚಳದ ಹಿತ್ತಾಳೆ ಡಬ್ಬಿಗೆ ಹಾಕಿ, ಬಿಗಿಯಾಗಿ ಮುಚ್ಚಿ, ಬಟ್ಟೆ ಕಟ್ಟಿದೆ. ಡಬ್ಬಿಯನ್ನು ಕಬ್ಬಿಣದ ಬಕೆಟ್ಟಿನೊಳಗೆ ಕಟ್ಟಿ, ಬಕೆಟ್ಟನ್ನು ಹಗ್ಗದಿಂದ ಇಳಿಸಿ, ನೀರಿಗೆ ತಾಗದಂತೆ ನಡುವೆ ತೂಗುಬಿಟ್ಟೆ.

ಆದರೆ ಆ ಬಾವಿಯ ಜೊತೆ ಒಂದು ತೊಡಕಿತ್ತು. ನಮ್ಮ ಚಾಳಿನಲ್ಲಿ ಮೈಸೂರು ಕಡೆಯ ಒಬ್ಬ ಹಿರಿಯ ಗೃಹಿಣಿ ಇದ್ದರು. ಎಲ್ಲರೂ ಮೈಸೂರಮ್ಮ ಎನ್ನುತ್ತಿದ್ದೆವು. ಬಹಳ ಮಡಿ. ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆ ಎಂದು ದೇವರ ಪೂಜೆಗೆ ಆ ಬಾವಿಯ ನೀರನ್ನೇ ಸೇದುತ್ತಿದ್ದರು. ನೀರಿಗೆ ತಾಗದ ಹಾಗೆ ಇಟ್ಟಿದ್ದೇನಲ್ಲ, ಅವರಿಗೆ ಗೊತ್ತಾಗುವ ಮೊದಲೇ ತೆಗೆದುಬಿಡುವ ಎಂದು ನನ್ನ ಲೆಕ್ಕ.

ಹೊತ್ತಾಯಿತು, “ಮಾಂಸ ಮೇಲೆ ತನ್ನಿ” ಎಂದು ನಮ್ಮವರನ್ನು ಕಳಿಸಿದೆ. ಹಿಂದೆಯೇ ‘ದುಡುಂ’ ಎಂಬ ಸದ್ದು. ಓಡಿ ಹೋಗಿ ನೋಡಿದರೆ ನಮ್ಮವರು ಬಾವಿಕಟ್ಟೆಯ ಬಳಿ ಮೊಳದುದ್ದ ಹಗ್ಗ ಹಿಡಿದು ನಿಂತಿದ್ದಾರೆ. ಹಳೆಯ ಹಗ್ಗ, ಗಡಗಡೆಯ ಬಳಿ ತುಂಡಾಗಿತ್ತು.

“ಏನ್ರೀ ಅದು ಬಿದ್ದಿದ್ದು?” ಮೈಸೂರಮ್ಮ ಬಿಂದಿಗೆ ಹಿಡಿದು ಹಿಂದೆಯೇ ನಿಂತಿದ್ದರು.

ನಮ್ಮವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ಮಟನ್” ಎಂದುಬಿಟ್ಟರು.

“ಶಿವ ಶಿವಾ!” ಎಂಬ ಕೂಗಿಗೆ ಇಡೀ ಚಾಳು ಗ್ಯಾಲರಿಗೆ ಬಂತು. “ನಮ್ಮ ದೇವರ ನೀರಿಗೆ ಮಾಂಸ ಹಾಕಿದ್ರಲ್ರೀ!” “ಮುಚ್ಚಳ ಭದ್ರವಾಗಿದೆ ಅಮ್ಮ, ಒಂದು ಹನಿಯೂ ಹೊರಗೆ ಬರಲ್ಲ” ಎಂದು ನಾನು. ಹತ್ತಿರದ ಎಮ್ಮೆ ತಬೇಲದ ಹಾಲಿನ ಭಯ್ಯಾ ಪಾತಾಳಗರಡಿ ತಂದ. ಬಾವಿಗೆ ಬಿದ್ದ ಕೊಡಗಳನ್ನು ಎತ್ತುವ ಕೊಕ್ಕೆಗಳ ಗೊಂಚಲು ಅದು. ಇಳಿಬಿಟ್ಟು ಆಡಿಸಿದ. ಏನೋ ಸಿಕ್ಕಿತು. ಎಲ್ಲರೂ ಬಗ್ಗಿ ನೋಡಿದರು. ಮೇಲೆ ಬಂದದ್ದು ಒಂದು ಛತ್ರಿ.

“ಅಯ್ಯೋ, ಇದು ನಮ್ಮವರದ್ದು!” ಎಂದರು ಮೇಲಿನ ಮನೆಯ ಮರಾಠಿ ಹೆಂಗಸು. ಗಂಡನ ಕಡೆ ತಿರುಗಿದರು. “ಲೋಕಲ್‌ನಲ್ಲಿ ಬಿಟ್ಟು ಬಂದೆ ಅಂದಿರಿ. ಲೋಕಲ್ ಬಾವಿಯೊಳಗೆ ಹೋಗುತ್ತದಾ?” ಗಂಡ ಮೆಲ್ಲಗೆ ಗುಂಪಿನ ಹಿಂದೆ ಸರಿದ.

ಎರಡನೆಯ ಸಲ ಒಂದು ಕೆಟಲ್ ಬಂತು. ನನ್ನದು, ನಿನ್ನದು ಎಂದು ಇಬ್ಬರು ಹಿಡಿದು ಎಳೆದರು. ಆಮೇಲೆ ಭಯ್ಯಾನ ಹಗ್ಗಕ್ಕೆ ಭಾರವಾದದ್ದು ಸಿಕ್ಕಿತು. ಕೆಸರು ಮೆತ್ತಿದ ತಾಮ್ರದ ಕೊಡ. ಮೈಸೂರಮ್ಮ ಅದನ್ನು ನೋಡಿದವರೇ ಕೈಯಲ್ಲಿದ್ದ ಬಿಂದಿಗೆ ಕೆಳಗೆ ಬಿಟ್ಟರು.

“ನಮ್ಮಮ್ಮ ಕೊಟ್ಟಿದ್ದು ಕಣ್ರೀ! ಕಳ್ಳರು ಹೊಡ್ಕೊಂಡು ಹೋದ್ರು ಅಂತ ಎಷ್ಟು ಅತ್ತಿದ್ದೆ!” ಎಂದು ಕೊಡವನ್ನು ಮಗುವಿನ ಹಾಗೆ ಎತ್ತಿಕೊಂಡರು. ಕೆಸರು ಸೀರೆಗೆಲ್ಲ ಹತ್ತಿತು, ಮಡಿಯ ನೆನಪೂ ಬರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಸಾಹೇಬರು ಬಂದರು. ಬಾವಿಯ ಸುತ್ತ ಜನ, ಕೂಗಾಟ, ಅಳು, ಹಗ್ಗ. ಅವರು ಮತ್ತೇನು ಅರ್ಥ ಮಾಡಿಕೊಳ್ಳಬೇಕು? ಕೋಟು ಕಳಚಿ ಬಿಸುಟರು, ಬೂಟು ಬಿಚ್ಚತೊಡಗಿದರು.

“ಸರಿಯಿರಿ! ನನಗೆ ಈಜು ಬರುತ್ತದೆ. ಯಾರು ಬಿದ್ದದ್ದು?”

ನಮ್ಮವರು ನೆಟ್ಟಗೆ ನಿಂತು, ಆಫೀಸಿನಲ್ಲಿ ವರದಿ ಒಪ್ಪಿಸುವ ದನಿಯಲ್ಲಿ ಹೇಳಿದರು: “ನಿಮ್ಮ ಊಟ, ಸಾರ್.”

ಸಾಹೇಬರು ಒಂದು ಬೂಟು ಕೈಯಲ್ಲಿ ಹಿಡಿದು ಅವರನ್ನೇ ನೋಡಿದರು. ಆಮೇಲೆ ನಗತೊಡಗಿದರು ನೋಡಿ, ಹೊಟ್ಟೆ ಹಿಡಿದು ಕಟ್ಟೆಯ ಮೇಲೆ ಕೂರುವವರೆಗೆ. ನಕ್ಕು ಮುಗಿಸಿ, ತೋಳು ಮಡಚಿ, ಭಯ್ಯಾನ ಕೈಯಿಂದ ಹಗ್ಗ ತೆಗೆದುಕೊಂಡರು. “ನನ್ನ ಊಟ, ನಾನೇ ಎತ್ತುತ್ತೇನೆ.” ಒಂದೆರಡು ಸಲ ಆಡಿಸಿದ್ದೇ ನಮ್ಮ ಬಕೆಟ್ಟು ಕೊಕ್ಕೆಗೆ ಸಿಕ್ಕಿ ಮೇಲೆ ಬಂತು. ಡಬ್ಬಿ ಬಿಚ್ಚಿದರೆ ಮಾಂಸ ಐಸ್ ಮೇಲೆ ಇಟ್ಟಷ್ಟು ತಂಪು, ಒಳಗೆ ಒಂದು ಹನಿ ನೀರಿಲ್ಲ. ಚಾಳಿನವರೆಲ್ಲ ಚಪ್ಪಾಳೆ ಹೊಡೆದರು.

ಸುಕ್ಕಾ ಆಗುವಾಗ ಊಟದ ಹೊತ್ತು ಮೀರಿತ್ತು. ಸಾಹೇಬರು ಕೇಳಿ ಕೇಳಿ ಹಾಕಿಸಿಕೊಂಡು ಉಂಡರು. ನಮ್ಮವರ ಕೆಲಸವೂ ಮುಂದೆ ಕಾಯಂ ಆಯಿತು. ಅದೆಲ್ಲ ಆಮೇಲಿನದು. ಆಗ ಬಾವಿಕಟ್ಟೆಯಿಂದ ಡಬ್ಬಿ ಎತ್ತಿಕೊಂಡು ಹೊರಟ ನನ್ನನ್ನು ಮೈಸೂರಮ್ಮ, “ಇಲ್ಲಿ ನೋಡಮ್ಮ” ಎಂದು ಕರೆದು ನಿಲ್ಲಿಸಿದರು. ಈಗ ಬಂತು ಗ್ರಹಚಾರ ಎಂದುಕೊಂಡೆ. ಅವರು ಹತ್ತಿರ ಬಂದು, ಕೊಡವನ್ನು ಸೊಂಟಕ್ಕೇರಿಸಿಕೊಂಡು, ದನಿ ತಗ್ಗಿಸಿ ಕೇಳಿದರು:

“ಮುಚ್ಚಳ ನಿಜವಾಗ್ಲೂ ಭದ್ರವಾಗಿದೆ ತಾನೆ?”

“ದೇವರಾಣೆಗೂ ಅಮ್ಮ.”

“ಹಾಗಿದ್ರೆ ಇನ್ನೊಂದ್ಸಲ ಬೀಳಿಸ್ಬಿಡಮ್ಮ. ನಮ್ಮ ಬೆಳ್ಳಿ ಪಂಚಪಾತ್ರೆ ಇನ್ನೂ ಸಿಕ್ಕಿಲ್ಲ.”